ಬಿನ್ನಪ, ಸಮಯ, ಜೋಳಿಗೆ

ಪ್ರಜೆಗಳು ತಾವೇ ಮುಂದಾಗಿ ಕಾನೂನನ್ನು ಸೂಚಿಸುವ ಪದ್ಧತಿಗೆ ರಾಜ್ಯಶಾಸ್ತ್ರದಲ್ಲಿ ‘ಉಪಕ್ರಮ’ ಎಂದು ಹೆಸರು. ನಿಗದಿಯಾದಷ್ಟು ಮತದಾರರು ಸಹಿ ಹಾಕಿ ಒಂದು ಕರಡನ್ನು ಮುಂದಿಟ್ಟರೆ ಸರ್ಕಾರ ಅದನ್ನು ಮತಕ್ಕೆ ಹಾಕಲೇಬೇಕು. ಬಹುಮತ ಬಿದ್ದರೆ ಅದು ಕಾನೂನು. ಶಾಸನಸಭೆ ಈಗಾಗಲೇ ಮಾಡಿದ ಕಾನೂನು ಬೇಕೋ ಬೇಡವೋ ಎಂದು ಜನರನ್ನು ಕೇಳುವುದು ‘ಜನಮತಗಣನೆ’. ಸ್ವಿಟ್ಜರ್ಲೆಂಡಿನ ಒಕ್ಕೂಟದಲ್ಲಿ ಕಾನೂನುಗಳ ಮೇಲಿನ ಜನಮತಗಣನೆ 1874ರಿಂದ, ಸಂವಿಧಾನ ತಿದ್ದುಪಡಿಯ ಉಪಕ್ರಮ 1891ರಿಂದ ನಡೆದು ಬಂದಿವೆ. ಅಲ್ಲಿ ಹದಿನೆಂಟು ತಿಂಗಳೊಳಗೆ 1,00,000 ಸಹಿ ಕೂಡಿಸಿದವರ ತಿದ್ದುಪಡಿ ಮತಪೆಟ್ಟಿಗೆಯ ತನಕ ಬರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1911ರಲ್ಲಿ ಇದೇ ದಾರಿ ಹಿಡಿಯಿತು.

ಪದ್ಧತಿ ಸರಳ. ಅದರ ಬುಡದಲ್ಲಿರುವ ಪ್ರಶ್ನೆ ಸರಳವಲ್ಲ. ಕಾನೂನಿಗೆ ಬಲ ಬರುವುದು ಎತ್ತಿದ ಕೈಗಳ ಲೆಕ್ಕದಿಂದಲೋ, ಅದರೊಳಗಿನ ನ್ಯಾಯದಿಂದಲೋ, ಒಪ್ಪಿದವರು ತಮ್ಮನ್ನು ತಾವೇ ಅದಕ್ಕೆ ಕಟ್ಟಿಕೊಳ್ಳುವುದರಿಂದಲೋ? ಧರ್ಮಶಾಸ್ತ್ರಕಾರರು, ಶರಣರು, ಮಠಾಧೀಶರು, ಸಂವಿಧಾನ ಬರೆದವರು ತಮ್ಮ ತಮ್ಮ ಕಾಲದಲ್ಲಿ ಇದಕ್ಕೆ ಉತ್ತರ ಹುಡುಕಿದ್ದಾರೆ. ಆ ಹುಡುಕಾಟದ ಗುರುತುಗಳು ಬಾದಾಮಿ, ಐಹೊಳೆ, ಕೂಡಲಸಂಗಮ, ಇಳಕಲ್ಲುಗಳ ಸುತ್ತಲಿನ ಹರದಾರಿ ದೂರದಲ್ಲೇ ಹರಡಿವೆ.

ಭಾರತದ ಸಂವಿಧಾನದಲ್ಲಿ ಉಪಕ್ರಮವೂ ಇಲ್ಲ, ಜನಮತಗಣನೆಯೂ ಇಲ್ಲ. ಗೋವಾ ಮಹಾರಾಷ್ಟ್ರದೊಳಗೆ ಸೇರಬೇಕೇ ಎಂದು 1967ರ ಜನವರಿ 16ರಂದು ಅಲ್ಲಿನ ಜನರನ್ನು ಕೇಳಿದಾಗ ಅದಕ್ಕೆಂದೇ ಸಂಸತ್ತು ಹಿಂದಿನ ವರ್ಷ ಬೇರೆ ಕಾಯ್ದೆ ಮಾಡಬೇಕಾಯಿತು. ವಿಲೀನಕ್ಕೆ 1,38,170 ಮತ, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಲು 1,72,191 ಮತ ಬಿದ್ದವು. ಅಂಥ ಅಪರೂಪದ ಸಂದರ್ಭಗಳನ್ನು ಬಿಟ್ಟರೆ ಪ್ರಜೆಗೆ ಉಳಿದಿರುವುದು ಅರ್ಜಿ. ಸಂಕಟ ಪರಿಹಾರಕ್ಕಾಗಿ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲೇ ಮನವಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಲೋಕಸಭೆಯಲ್ಲೂ ಕರ್ನಾಟಕದ ವಿಧಾನಮಂಡಲದಲ್ಲೂ ಅರ್ಜಿಗಳ ಸಮಿತಿಗಳಿವೆ. ಮಸೂದೆಯ ಕರಡನ್ನು ಮೂವತ್ತು ದಿನ ಸಾರ್ವಜನಿಕರ ಮುಂದಿಡಬೇಕೆಂದು ಕೇಂದ್ರ ಸರ್ಕಾರ 2014ರಲ್ಲಿ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಿತು. ಇವೆಲ್ಲ ಕೇಳಿಕೊಳ್ಳುವ ದಾರಿಗಳು. ಕೇಳಿದ್ದನ್ನು ಕೊಡಲೇಬೇಕೆಂಬ ಕಟ್ಟು ಯಾವುದರಲ್ಲೂ ಇಲ್ಲ.

ಕೇಳಿಕೊಳ್ಳುವುದಕ್ಕೆ ಕನ್ನಡದ ಹಳೆಯ ಮಾತು ಬಿನ್ನಪ. ಸಂಸ್ಕೃತದ ‘ವಿಜ್ಞಾಪನ’ ಎಂಬುದರ ತದ್ಭವ. ಇಂಥವರು ಬಿನ್ನಪ ಮಾಡಲಾಗಿ ಅರಸ ಇಂಥ ಭೂಮಿಯನ್ನು ಬಿಟ್ಟನೆಂಬುದು ದತ್ತಿಶಾಸನಗಳ ಪರಿಚಿತ ಧಾಟಿ. ಬಿನ್ನಪಕ್ಕೆ ಮೇಲು ಕೆಳಗು ಇದ್ದೇ ಇದೆ. ಕೇಳುವವನು ಕೆಳಗೆ, ಕೊಡುವವನು ಮೇಲೆ. ಕೇಳದೆಯೇ ಕೊಡುವುದೂ ಉಂಟು. ಚಾಲುಕ್ಯ ವಂಶದ ಮಂಗಲೇಶ 578ರಲ್ಲಿ ಬಾದಾಮಿಯ ವಿಷ್ಣುಗುಹೆಗೆ ಲಂಜಿಗೇಸರವೆಂಬ ಊರನ್ನು ದತ್ತಿ ಬಿಟ್ಟ. ಊರಿನವರ ಒಪ್ಪಿಗೆಯ ಪ್ರಸ್ತಾಪ ಅಲ್ಲಿಲ್ಲ. ಇಂದಿನ ಪ್ರಜೆ ಸಂವಿಧಾನದ ಪ್ರಕಾರ ಒಡೆಯ. ಆದರೂ ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುವಾಗ ಕೊನೆಗೆ ‘ತಮ್ಮ ವಿಧೇಯ’ ಎಂದೇ ಸಹಿ ಹಾಕುತ್ತಾನೆ. ಒಡೆಯನೇ ವಿಧೇಯನೆಂದು ಬರೆದುಕೊಳ್ಳುವ ಈ ರೂಢಿಯಲ್ಲಿ ಬಿನ್ನಪದ ಸ್ವಭಾವವೆಲ್ಲ ಅಡಗಿದೆ.

ಸಹಿಗಳು ಲಕ್ಷವಾದರೂ ಈ ಸ್ವಭಾವ ಬದಲಾಗುವುದಿಲ್ಲ. ಪಂಚಮಸಾಲಿ ಸಮುದಾಯವನ್ನು ಹಿಂದುಳಿದ ವರ್ಗಗಳ 2ಎ ಪ್ರವರ್ಗಕ್ಕೆ ಸೇರಿಸಬೇಕೆಂದು 2021ರ ಜನವರಿಯಲ್ಲಿ ಕೂಡಲಸಂಗಮದಿಂದ ಹೊರಟ ಪಾದಯಾತ್ರೆ ಫೆಬ್ರವರಿಯಲ್ಲಿ ಬೆಂಗಳೂರು ಮುಟ್ಟಿ ದೊಡ್ಡ ಸಮಾವೇಶವಾಯಿತು. ಅದು ನಡೆಯುವ ಅರ್ಜಿ. ಪ್ರತಿಯೊಂದು ಹೆಜ್ಜೆಯೂ ಒಂದು ಸಹಿ. 2ಎ ಸಿಗಲಿಲ್ಲ. 2023ರ ಮಾರ್ಚಿನಲ್ಲಿ ಅಂದಿನ ಸರ್ಕಾರ 2ಬಿಯಲ್ಲಿ ಮುಸ್ಲಿಮರಿಗಿದ್ದ ಶೇ 4ರ ಮೀಸಲಾತಿಯನ್ನು ತೆಗೆದು ಒಕ್ಕಲಿಗ, ಲಿಂಗಾಯತ ಪ್ರವರ್ಗಗಳಿಗೆ ಶೇ 2ರಂತೆ ಹಂಚುವ ತೀರ್ಮಾನ ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಜಾರಿ ಮಾಡುವುದಿಲ್ಲವೆಂದು ಸರ್ಕಾರವೇ ಅಲ್ಲಿ ಹೇಳಬೇಕಾಯಿತು. ಕೇಳಿದವರದು ಒಂದು, ಸಿಕ್ಕಿದ್ದು ಇನ್ನೊಂದು, ಕಳೆದುಕೊಳ್ಳಬೇಕಾಗಿದ್ದವರು ಮೂರನೆಯವರು. ಆ ಮೂರನೆಯವರು ಯಾವ ಅರ್ಜಿಗೂ ಸಹಿ ಹಾಕಿದವರಲ್ಲ. ಬಿನ್ನಪದ ದಾರಿಯಲ್ಲಿ ತೂಗುವ ತಕ್ಕಡಿ ಯಾವಾಗಲೂ ಕೊಡುವವನ ಕೈಯಲ್ಲೇ ಇರುತ್ತದೆ.

ಬಿನ್ನಪಕ್ಕಿಂತ ಭಿನ್ನವಾದ ಇನ್ನೊಂದು ಮಾತು ‘ಸಮಯ’. ಇಂದು ಅದಕ್ಕೆ ಹೊತ್ತು ಎಂಬ ಅರ್ಥ ಒಂದೇ ಉಳಿದಂತಿದೆ. ಧರ್ಮಶಾಸ್ತ್ರದಲ್ಲಿ ಅದು ಕೂಡಿ ಮಾಡಿಕೊಂಡ ಕಟ್ಟಳೆ, ಒಡಂಬಡಿಕೆ. ಅದಕ್ಕೆ ‘ಸಂವಿದ್’ ಎಂದೂ ಹೆಸರು. ‘ಸಂವಿಧಾನ’ಕ್ಕೆ ಇದು ಹತ್ತಿರದ ನಂಟೆಂದು ಕಿವಿಗೆ ಅನ್ನಿಸಿದರೂ ಎರಡರ ಧಾತುಗಳು ಬೇರೆ. ಊರು, ನಾಡು, ಸಂಘಗಳೊಂದಿಗೆ ಸತ್ಯದ ಮೇಲೆ ಆಣೆಯಿಟ್ಟು ಮಾಡಿಕೊಂಡ ಒಪ್ಪಂದವನ್ನು ಲೋಭದಿಂದ ಮುರಿದವನನ್ನು ರಾಜ್ಯದಿಂದ ಹೊರಹಾಕಬೇಕೆಂದು ಮನುಸ್ಮೃತಿ ಹೇಳುತ್ತದೆ. ಹದಿನೆಂಟು ವ್ಯವಹಾರಪದಗಳಲ್ಲಿ, ಅಂದರೆ ನ್ಯಾಯಾಲಯಕ್ಕೆ ಬರುವ ವ್ಯಾಜ್ಯದ ಬಗೆಗಳಲ್ಲಿ, ಸಮಯವನ್ನು ಮುರಿಯುವುದೂ ಒಂದು.

ಈ ವಿಷಯವನ್ನು ಹೆಚ್ಚು ಸ್ಪಷ್ಟವಾಗಿ ಬಿಡಿಸಿದ್ದು ಕನ್ನಡ ನಾಡಿನಲ್ಲೇ ಹುಟ್ಟಿದ ಗ್ರಂಥ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನ ಮುಂದೆ ಶತಮಾನಗಳ ಕಾಲ ದೇಶದ ಬಹುಭಾಗದಲ್ಲಿ ಹಿಂದೂ ಕಾನೂನಿನ ಆಧಾರವಾಯಿತು. ತಮ್ಮ ನಿಜಧರ್ಮಕ್ಕೆ ವಿರೋಧವಾಗದಂತೆ ಜನ ಸಮಯದಿಂದ ಮಾಡಿಕೊಂಡ ಧರ್ಮವನ್ನು ಜತನದಿಂದ ಕಾಯಬೇಕು, ರಾಜ ಮಾಡಿದ ಧರ್ಮವನ್ನೂ ಹಾಗೆಯೇ ಕಾಯಬೇಕು ಎಂಬುದು ಯಾಜ್ಞವಲ್ಕ್ಯನ ಸೂತ್ರ. ಇಲ್ಲಿ ಗಮನಿಸಬೇಕಾದದ್ದು, ಜನರ ಕಟ್ಟಳೆ ಮತ್ತು ರಾಜನ ಕಟ್ಟಳೆ ಒಂದೇ ಶ್ಲೋಕದಲ್ಲಿ ಪಕ್ಕಪಕ್ಕದಲ್ಲಿ ನಿಂತಿವೆ. ವಿಜ್ಞಾನೇಶ್ವರ ಅದಕ್ಕೆ ಉದಾಹರಣೆ ಕೊಡುತ್ತಾನೆ. ಸಮಯದಿಂದ ಹುಟ್ಟುವ ಧರ್ಮವೆಂದರೆ ದನಗಳ ಗೋಮಾಳ ಕಾಯುವುದು, ನೀರು ಕಾಪಾಡುವುದು, ದೇವಾಲಯ ನೋಡಿಕೊಳ್ಳುವುದು ಮುಂತಾದವು. ರಾಜ ಮಾಡುವುದೆಂದರೆ ದಾರಿಹೋಕರಿಗೆ ಊಟ ಹಾಕಬೇಕು, ಶತ್ರುವಿನ ನಾಡಿಗೆ ಕುದುರೆ ಕಳಿಸಬಾರದು ಎಂಬಂಥವು. ಹುಲ್ಲು, ನೀರು, ಗುಡಿ: ಎಲ್ಲರೂ ಬಳಸುವ, ಎಲ್ಲರೂ ಹಾಳು ಮಾಡಬಹುದಾದ ವಸ್ತುಗಳು. ಈ ಮೂರರ ಆಯ್ಕೆ ಆಕಸ್ಮಿಕವೆಂದು ತೋರುವುದಿಲ್ಲ. ಅವನ್ನು ಬಳಸುವವರೇ ಅವುಗಳ ಕಟ್ಟಳೆಗೆ ತಲೆಬಾಗುವವರು. ಶ್ರೇಣಿ, ನೈಗಮ, ಪಾಷಂಡಿ, ಗಣಗಳಿಗೂ ಇದೇ ವಿಧಿ ಅನ್ವಯವೆಂದು ಸ್ಮೃತಿ ಮುಂದುವರಿಸುತ್ತದೆ. ಪಾಷಂಡಿಗಳೆಂದರೆ ವೇದವನ್ನು ಒಪ್ಪದ ಪಂಥಗಳವರು. ವೇದ ಒಪ್ಪದವರ ಕಟ್ಟಳೆಗೂ ರಾಜರಕ್ಷೆ ಉಂಟೆಂದು ಸ್ಮೃತಿಯೇ ಹೇಳುವುದು ಸಣ್ಣ ಮಾತಲ್ಲ.

ವಿಜ್ಞಾನೇಶ್ವರ ಬರೆದದ್ದು ಬರೀ ಪುಸ್ತಕದ ಮಾತಾಗಿರಲಿಲ್ಲ. ಅದೇ ರಾಜ್ಯದಲ್ಲಿ, ಇಂದಿನ ಹುನಗುಂದ ತಾಲ್ಲೂಕಿನ ಐಹೊಳೆಯ ಹೆಸರು ಹೊತ್ತ ವರ್ತಕ ಸಂಘ ಸಮಯದ ಮೇಲೆಯೇ ನಿಂತಿತ್ತು. ಅಯ್ಯಾವೊಳೆ ಐನೂರ್ವರು ಮೊದಲು ಮಲಪ್ರಭೆಯ ದಂಡೆಯ ಆ ಊರಿನ ಮಹಾಜನರ ಸಭೆಯಾಗಿದ್ದು, ಬರಬರುತ್ತ ದೇಶದೇಶ ಸುತ್ತುವ ವ್ಯಾಪಾರಿಗಳ ಸಂಘದ ಹೆಸರಾಯಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ತಾವು ವೀರಬಣಂಜು ಧರ್ಮವನ್ನು ಪಾಲಿಸುವವರೆಂದು ಅವರು ಶಾಸನಗಳಲ್ಲಿ ಹೇಳಿಕೊಂಡರು. ‘ಧರ್ಮ’ ಎಂಬ ಪದವನ್ನೇ ವ್ಯಾಪಾರಿಗಳು ತಮ್ಮ ಕಟ್ಟಳೆಗೆ ಬಳಸಿದ್ದು ಗಮನಾರ್ಹ. ಗುಡಿಗೋ ಸತ್ರಕ್ಕೋ ದತ್ತಿ ಬಿಡಬೇಕಾದಾಗ ಅವರು ಸಭೆ ಸೇರಿ, ಒಂದು ಹೇರು ಮೆಣಸಿಗೆ ಇಷ್ಟು, ಅಡಕೆಗೆ ಇಷ್ಟು, ಎಲೆಗೆ ಇಷ್ಟು ಎಂದು ತಮ್ಮ ಸರಕಿನ ಮೇಲೆ ತಾವೇ ಆಯ ಹಾಕಿಕೊಳ್ಳುತ್ತಿದ್ದರು. ರಾಜ ಹೇರಿದ ಸುಂಕವಲ್ಲ. ತೆರುವವರೇ ಗೊತ್ತು ಮಾಡಿದ್ದು. ಇದೇ ಸಂಘದ ತಮಿಳು ಶಾಖೆಯವರ ಶಾಸನವೊಂದು 1088ರ ಕಾಲದ್ದು, ಸುಮಾತ್ರಾ ದ್ವೀಪದ ಬಾರುಸ್ ಬಳಿ ಸಿಕ್ಕಿದೆ. ಅಲ್ಲಿಗೆ ಬರುವ ಹಡಗಿನವರು ಏನು ಕೊಡಬೇಕೆಂಬ ಗೊತ್ತುವಳಿ ಅದರಲ್ಲಿದೆ. ಸಮುದ್ರದಾಚೆ, ಯಾವ ಚಾಲುಕ್ಯ ಅರಸನ ಕೈಯೂ ಚಾಚದ ಜಾಗದಲ್ಲಿ ಆ ಕಟ್ಟಳೆಯನ್ನು ನಡೆಸುತ್ತಿದ್ದುದು ಸಂಘದ ಒಪ್ಪಂದ.

ರಾಜನಿಗೂ ಪೌರರಿಗೂ ನಡುವೆ ಸಮಯದ ಛಾಯೆಯ ಬರವಣಿಗೆ ಬಾದಾಮಿ ಚಾಲುಕ್ಯರ ಕಾಲದಲ್ಲೇ ಇದೆ. ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಯುವರಾಜ ವಿಕ್ರಮಾದಿತ್ಯ ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ, ಎಂದರೆ ಪ್ರಜಾವರ್ಗಗಳಿಗೂ, ‘ಆಚಾರವ್ಯವಸ್ಥೆ’ ಬರೆಸಿಕೊಟ್ಟ. ರಾಜಪುರುಷರು ಊರಿನವರಿಗೆ ಏನು ಮಾಡಬೇಕು, ಊರಿನವರು ತಮ್ಮ ಸ್ಥಿತಿಗೆ ತಕ್ಕಂತೆ ಎಷ್ಟು ತೆರಬೇಕು ಎಂದು ಎರಡೂ ಕಡೆಯ ಬಾಧ್ಯತೆಗಳನ್ನು ಅದು ಹೇಳುತ್ತದೆ. ಅದನ್ನು ಹೊರಡಿಸಿದ್ದು ಅರಮನೆಯೇ. ಆದರೂ ಬಾಧ್ಯತೆ ಒಂದೇ ದಿಕ್ಕಿನದಲ್ಲ.

ಈ ಸಭೆಗಳನ್ನು ಇಂದಿನ ಪ್ರಜಾಪ್ರಭುತ್ವದ ಅಜ್ಜಂದಿರೆಂದು ಕೊಂಡಾಡುವುದು ಸಭೆ ಸಮಾರಂಭಗಳ ರೂಢಿ. ಒಳಗೆ ಕುಳಿತವರು ಯಾರೆಂದು ನೋಡಿದರೆ ಆ ಉತ್ಸಾಹ ಇಳಿಯುತ್ತದೆ. ಮಹಾಜನರ ಸಭೆ ವಿದ್ಯೆಯೂ ಭೂಮಿಯೂ ಇದ್ದ ಬ್ರಾಹ್ಮಣ ಗೃಹಸ್ಥರದು, ಐನೂರ್ವರದು ಸರಕಿದ್ದವರದು. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳರ ಒಂದನೆಯ ಪರಾಂತಕನ ಕಾಲದ, 919 ಮತ್ತು 921ರ ಶಾಸನಗಳು ಸಮಿತಿಗೆ ಬರುವವರ ಅರ್ಹತೆಯನ್ನು ಎಳೆಎಳೆಯಾಗಿ ಹೇಳುತ್ತವೆ. ತೆರಿಗೆ ಕಟ್ಟುವ ಭೂಮಿ, ಸ್ವಂತ ಜಾಗದಲ್ಲಿ ಮನೆ, 35ರಿಂದ 70ರ ನಡುವಿನ ವಯಸ್ಸು, ವೇದಜ್ಞಾನ ಬೇಕು. ಹೆಸರು ಬರೆದ ಓಲೆಗಳನ್ನು ಗಡಿಗೆಯಲ್ಲಿ ಹಾಕಿ ಹುಡುಗನೊಬ್ಬನಿಂದ ಎತ್ತಿಸುತ್ತಿದ್ದರು. ಅದು ಚೀಟಿ ಎತ್ತುವುದು, ಮತ ಎಣಿಸುವುದಲ್ಲ. ಹೆಣ್ಣಿಗೆ, ಊರಿನ ಹೊರಗೆ ಇರಿಸಿದವರಿಗೆ ಇವುಗಳಲ್ಲಿ ಜಾಗವಿರಲಿಲ್ಲ.

ಮಿತಾಕ್ಷರಾದ ಸೂತ್ರದಲ್ಲೇ ಒಂದು ಬೇಲಿ ಇದೆ: ಸಮಯ ನಿಜಧರ್ಮಕ್ಕೆ ವಿರೋಧವಾಗಿರಬಾರದು. ಮೇಲುನೋಟಕ್ಕೆ ಇದು ಇಂದಿನ ಮೂಲಭೂತ ಹಕ್ಕುಗಳಂತೆ, ಬಹುಮತ ದಾಟಬಾರದ ಗೆರೆಯಂತೆ ಕಾಣುತ್ತದೆ. ಗೆರೆ ಇರಬೇಕೆಂಬ ತಿಳಿವಳಿಕೆ ಸರಿಯಾದದ್ದೇ. ಆದರೆ ಹನ್ನೆರಡನೆಯ ಶತಮಾನದಲ್ಲಿ ನಿಜಧರ್ಮವೆಂದರೆ ವರ್ಣಾಶ್ರಮದ ಆಚಾರ. ಬೇಲಿ ಕಾಯುತ್ತಿದ್ದದ್ದು ದುರ್ಬಲನನ್ನಲ್ಲ, ಶ್ರೇಣೀಕರಣವನ್ನು.

ಆ ಬೇಲಿಯನ್ನು ಮುರಿದದ್ದು ವಿಜ್ಞಾನೇಶ್ವರನಿದ್ದ ಅದೇ ಕಲ್ಯಾಣದಲ್ಲಿ, ಅವನ ನಂತರ ಸುಮಾರು ಅರ್ಧ ಶತಮಾನಕ್ಕೆ. ಬಸವಣ್ಣ ಬಾಗೇವಾಡಿಯಲ್ಲಿ ಹುಟ್ಟಿ, ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮದಲ್ಲಿ ಓದಿ, ಕಲ್ಯಾಣಕ್ಕೆ ಹೋದವರು. ಅಲ್ಲಿನ ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತೆಂದು ಕರೆಯುವುದುಂಟು. ಆ ಹೋಲಿಕೆ ಮಂಟಪಕ್ಕೆ ಗೌರವ ತಂದುಕೊಡುವುದಕ್ಕಿಂತ ಅದರ ಗುಣವನ್ನು ಮರೆಮಾಡುತ್ತದೆ. ಅಲ್ಲಿ ಕೈ ಎಣಿಸಿ ಠರಾವು ಪಾಸು ಮಾಡಿದ್ದಕ್ಕೆ ಆಧಾರವಿಲ್ಲ. ಅಲ್ಲಮಪ್ರಭುವಿನ ಎದುರು ನಡೆದ ಮಾತುಕತೆಯೆಂದು ‘ಶೂನ್ಯಸಂಪಾದನೆ’ಗಳು ಚಿತ್ರಿಸುವುದು ಅನುಭವದ ಒರೆಹಚ್ಚುವಿಕೆಯನ್ನು, ಬಹುಮತದ ತೀರ್ಪನ್ನಲ್ಲ. ಅದರ ಹೊಸತನ ಮಾತಾಡುವ ಹಕ್ಕಿನಲ್ಲಿತ್ತು. ಅಂಬಿಗರ ಚೌಡಯ್ಯ, ಸೂಳೆ ಸಂಕವ್ವೆ, ಕಸ ಗುಡಿಸುವ ಸತ್ಯಕ್ಕ: ಮಹಾಜನರ ಸಭೆಯಲ್ಲಿ ಬಾಯಿ ತೆರೆಯಲಾಗದವರು ಶರಣರ ನಡುವೆ ವಚನಕಾರರು.

ಮುಂದಿನದು ಪರಂಪರೆ ಹೇಳುವ ಕಥೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ಮದುವೆಯಾಯಿತು. ಎರಡು ಮನೆಗಳು ಮನಸಾರೆ ಒಪ್ಪಿ ಮಾಡಿಕೊಂಡ ಒಡಂಬಡಿಕೆ. ಸಮಯವೆಂದರೆ ಇದಕ್ಕಿಂತ ಶುದ್ಧವಾದ ಸಮಯ ಬೇಕಿಲ್ಲ. ಆದರೆ ಅದು ನಿಜಧರ್ಮದ ಬೇಲಿ ದಾಟಿದ್ದು. ಆದ್ದರಿಂದ ಯಾಜ್ಞವಲ್ಕ್ಯನ ಸೂತ್ರದ ರಕ್ಷಣೆ ಅದಕ್ಕೆ ಸಿಗದು. ಕಲ್ಯಾಣದ ಅರಸ ಬಿಜ್ಜಳ ಇಬ್ಬರು ತಂದೆಯರಿಗೂ ಮರಣದಂಡನೆ ವಿಧಿಸಿದ. ಅಂದಿನ ಕಲ್ಯಾಣದಲ್ಲಿ ಮತ ಎಣಿಸಿದ್ದರೂ ಆ ಮದುವೆಗೆ ಬಹುಮತ ಬೀಳುತ್ತಿತ್ತೆಂದು ನಂಬುವುದು ಕಷ್ಟ.

ಬಹುಮತಕ್ಕೆ ಬಿಡಬಹುದಾದದ್ದು ಎಷ್ಟು ಎಂಬ ಈ ತೊಡಕು 1932–33ರಲ್ಲಿ ಮತ್ತೆ ಎದ್ದಿತು. ಕೇರಳದ ಗುರುವಾಯೂರು ದೇಗುಲವನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂದು ಕಾಂಗ್ರೆಸ್ ನಾಯಕ ಕೇಳಪ್ಪನ್ ಉಪವಾಸ ಕೂತ ಮೇಲೆ, ಪೊನ್ನಾನಿ ತಾಲ್ಲೂಕಿನಲ್ಲಿ ದೇಗುಲಕ್ಕೆ ಹೋಗುವ ಹಕ್ಕಿದ್ದ ಹಿಂದೂಗಳ ಮತ ಕೇಳಲಾಯಿತು. ಮತ ಹಾಕಿದವರಲ್ಲಿ ಶೇ 77ರಷ್ಟು ಮಂದಿ ತೆರೆಯಬೇಕೆಂದರು. ದೇಶವೆಲ್ಲ ಹೆಮ್ಮೆಪಟ್ಟ ಆ ಮತದಾನದಲ್ಲಿ ಬಾಗಿಲಾಚೆ ನಿಂತವರನ್ನು ಮಾತ್ರ ಯಾರೂ ಕೇಳಲಿಲ್ಲ. ಮತಕ್ಕೆ ಕಾನೂನಿನ ಬಲವೂ ಇರಲಿಲ್ಲ. ಬಾಗಿಲು ತೆರೆದದ್ದು 1947ರಲ್ಲಿ. ಆ ನಡುವೆ, ಊರಿನ ಹಿಂದೂ ಮತದಾರರ ಬಹುಮತ ಒಪ್ಪಿದರೆ ದೇಗುಲ ತೆರೆಯಬಹುದೆಂಬ ಮಸೂದೆಯನ್ನು ರಂಗ ಅಯ್ಯರ್ ಕೇಂದ್ರ ಶಾಸನಸಭೆಗೆ ತಂದರು. ಅಂಬೇಡ್ಕರ್ 1933ರ ಫೆಬ್ರವರಿ 14ರ ಹೇಳಿಕೆಯಲ್ಲಿ ಅದನ್ನು ಬೆಂಬಲಿಸಲು ಒಪ್ಪಲಿಲ್ಲ. ಅಸ್ಪೃಶ್ಯತೆ ಪಾಪವೆಂದಾದರೆ ಬಹುಮತಕ್ಕೆ ಅದು ಹಿತವೆನಿಸಿದರೂ ಅಳಿಸಲೇಬೇಕು. ಪಾಪವನ್ನು ಮತಕ್ಕೆ ಹಾಕುವುದೆಂದರೆ ಅದು ಪಾಪವಲ್ಲದಿರಬಹುದೆಂದು ಒಪ್ಪಿದಂತೆ ಎಂಬುದು ಅವರ ವಾದದ ತಿರುಳು. ಉಪಕ್ರಮದ ಬಗ್ಗೆ ಇಷ್ಟು ನೇರವಾದ ಆಕ್ಷೇಪ ಬೇರೊಂದು ಸಿಗುವುದು ಅಪರೂಪ.

ಅದಕ್ಕೆ ಉತ್ತರವಾಗಿ ಬಂದದ್ದು ಸಂವಿಧಾನದ 17ನೇ ವಿಧಿ. ಅಸ್ಪೃಶ್ಯತೆಯನ್ನು ರದ್ದು ಮಾಡುವ ಈ ವಿಧಿಯನ್ನು ಸಂವಿಧಾನ ರಚನಾಸಭೆ 1948ರ ನವೆಂಬರ್ 29ರಂದು ಅಂಗೀಕರಿಸಿತು. ಊರೂರಿನಲ್ಲಿ ಮತಪೆಟ್ಟಿಗೆ ಇಟ್ಟು ಕೇಳಲಿಲ್ಲ. ಕೇಳದೆ ಇದ್ದದ್ದೇ ಒಳ್ಳೆಯದಾಯಿತು. ನಿಜಧರ್ಮ ನಿಂತಿದ್ದ ಜಾಗದಲ್ಲಿ ಈಗ ಬೇರೆ ಬೇಲಿ ನಿಂತಿತು. ಈ ಬಾರಿ ಅದು ಬಾಗಿಲಾಚೆಯವನನ್ನು ಕಾಯುವ ಬೇಲಿ. ಅದೇ ತಾರೀಕು, 61 ವರ್ಷಗಳ ನಂತರ, 2009ರ ನವೆಂಬರ್ 29ರಂದು ಸ್ವಿಟ್ಜರ್ಲೆಂಡಿನ ಮತದಾರರು ಮಸೀದಿಗಳಿಗೆ ಮಿನಾರು ಕಟ್ಟಬಾರದೆಂಬ ಉಪಕ್ರಮವನ್ನು ಶೇ 57.5ರ ಬಹುಮತದಿಂದ ಒಪ್ಪಿದರು. ಆಗ ಆ ದೇಶದಲ್ಲಿದ್ದ ಮಿನಾರುಗಳು ನಾಲ್ಕು. ಆ ಕಟ್ಟಳೆಗೆ ಮತ ಹಾಕಿದ ಬಹುಪಾಲು ಜನರ ಬದುಕಿನಲ್ಲಿ ಅದರಿಂದ ಏನೂ ಬದಲಾಗಲಿಲ್ಲ. ಬದಲಾದದ್ದು ಇನ್ನೊಬ್ಬರ ಗುಡಿಯ ಆಕಾರ. ಅದೇ ದೇಶದಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಡಬೇಕೇ ಎಂದು 1959ರಲ್ಲಿ ಗಂಡಸರನ್ನು ಕೇಳಿದಾಗ ಬೇಡವೆಂದರು, 1971ರಲ್ಲಿ ಆಗಲಿ ಎಂದರು. ತನಗೆ ತಾನೇ ವಿಧಿಸಿಕೊಂಡ ಕಾನೂನಿಗೆ ತಲೆಬಾಗುವುದೇ ಸ್ವಾತಂತ್ರ್ಯವೆಂದು 1762ರಲ್ಲಿ ಬರೆದ ರೂಸೋ ಹುಟ್ಟಿದ್ದು ಜಿನೀವಾದಲ್ಲಿ. ಅವನ ಮಾತಿನಲ್ಲಿ ತೂಕ ಇರುವುದು ‘ತನಗೆ’ ಎಂಬಲ್ಲಿ. ಮಿನಾರಿನ ಮತದಾನದಲ್ಲಿ ಆ ಪದ ಜಾರಿಹೋಗಿತ್ತು.

ಹಾಗೆಂದು ಧರ್ಮದ ಪ್ರಶ್ನೆಯನ್ನು ಸಭೆಯ ಮುಂದೆ ಇಡಲೇಬಾರದೆಂದಲ್ಲ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ತೆಗೆದರೆ ಅಲ್ಲಿನ ಡೋಂಗ್ರಿಯಾ ಕೊಂಧರು ಪೂಜಿಸುವ ನಿಯಮರಾಜನಿಗೆ ಧಕ್ಕೆಯಾಗುವುದೇ ಎಂಬುದನ್ನು ಗ್ರಾಮಸಭೆಗಳೇ ಹೇಳಲಿ ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ತೀರ್ಪು ಕೊಟ್ಟಿತು. ಆ ಬೇಸಗೆ ಕಳೆದ ಮೇಲೆ ಹನ್ನೆರಡು ಹಳ್ಳಿಗಳ ಗ್ರಾಮಸಭೆಗಳು ಸೇರಿ, ಹನ್ನೆರಡೂ ಗಣಿ ಬೇಡವೆಂದವು. ಇಲ್ಲಿ ಕೇಳಿದ್ದು ಬೆಟ್ಟದ ಒಕ್ಕಲನ್ನು, ಬೆಟ್ಟ ಕಳೆದುಕೊಳ್ಳಬೇಕಾಗಿದ್ದವರನ್ನು. ಹುಲ್ಲು, ನೀರು, ಗುಡಿಯ ಹಳೆಯ ಪಟ್ಟಿಯೇ ಹೊಸ ರೂಪದಲ್ಲಿ ಬಂದಿತು.

ಬಾಗಲಕೋಟೆಗೆ ಆ ಪ್ರಶ್ನೆ ಬರಲಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರಿನ ದೊಡ್ಡ ಭಾಗ ಹೋಯಿತು. ಚಾರ್ಲ್ಸ್ ಕೊರಿಯಾ ನಕ್ಷೆ ಹಾಕಿದ ನವನಗರ ಎದ್ದಿತು. ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ಕೊಟ್ಟ ತೀರ್ಪು ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿದ ಮೇಲೆ ಇನ್ನಷ್ಟು ಹಳ್ಳಿ, ಇನ್ನಷ್ಟು ಹೊಲ ಮುಳುಗಡೆಯ ಪಟ್ಟಿಗೆ ಸೇರಿದವು. 2013ರ ಭೂಸ್ವಾಧೀನ ಕಾಯ್ದೆ ಖಾಸಗಿ ಕಂಪನಿಗೆ ಭೂಮಿ ಬೇಕಾದಾಗ ಬಾಧಿತ ಕುಟುಂಬಗಳಲ್ಲಿ ಶೇ 80ರ ಒಪ್ಪಿಗೆ, ಸರ್ಕಾರ ಖಾಸಗಿ ಕೂಡಿದಾಗ ಶೇ 70ರ ಒಪ್ಪಿಗೆ ಕೇಳುತ್ತದೆ. ಸರ್ಕಾರವೇ ಕಟ್ಟುವ ನೀರಾವರಿ ಯೋಜನೆಗೆ ಅಂಥ ಒಪ್ಪಿಗೆ ಬೇಕಿಲ್ಲ. ಮುಳುಗಡೆಯವರ ಪಾಲಿಗೆ ಉಳಿದದ್ದು ಬಿನ್ನಪ: ಪರಿಹಾರ ಹೆಚ್ಚಿಸಿ, ನಿವೇಶನ ಕೊಡಿ, ಮಕ್ಕಳಿಗೆ ನೌಕರಿ ಕೊಡಿ ಎಂಬ ಮನವಿಗಳು. ಒಣಭೂಮಿಗೆ ನೀರು ಬೇಕೆಂಬ ಲಕ್ಷಾಂತರ ರೈತರ ಎದುರು ಇವರ ಮತ ಎಣಿಸಿದ್ದರೂ ಇವರು ಸೋಲುತ್ತಿದ್ದರು ಎಂಬುದೂ ಸತ್ಯವೇ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಮಾತ್ರ ಹಿನ್ನೀರಿನ ನಡುವೆ ಬಾವಿಯಂಥ ಗೋಡೆ ಕಟ್ಟಿ ಉಳಿಸಿಕೊಳ್ಳಲಾಗಿದೆ. ಮೆಟ್ಟಿಲಿಳಿದು ಕೆಳಗೆ ಹೋಗಿ ನಮಸ್ಕರಿಸಬೇಕು, ಸುತ್ತ ನೀರು.

ಸಮಯದ ಜೀವಂತ ರೂಪವನ್ನು ಇಂದು ಹುಡುಕುವವರು ಸಹಕಾರ ಸಂಘಗಳ ಬೈಲಾ ನೋಡಬೇಕು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದಾಗಿ ಕಟ್ಟಿದ ಸಂಘದಿಂದ ಹಿಡಿದು ನೇಕಾರರ ಸಂಘಗಳ ತನಕ, ಕಟ್ಟಳೆ ಮಾಡುವವರೂ ಸದಸ್ಯರೇ, ಅದಕ್ಕೆ ಒಳಪಡುವವರೂ ಸದಸ್ಯರೇ. ಗ್ರಾಮಸಭೆಗೂ ಕಾಗದದ ಮೇಲೆ ಅದೇ ಘನತೆ ಇದೆ. 73ನೇ ತಿದ್ದುಪಡಿಯಿಂದ ಅದು ಸಂವಿಧಾನದ 243ಎ ವಿಧಿಯೊಳಗೆ ಸೇರಿತು. ಮನೆ ಹಂಚುವ ಫಲಾನುಭವಿಗಳ ಪಟ್ಟಿಯ ದಿನ ತುಂಬುವ ಸಭೆ ಬೇರೆ ದಿನ ಬಣಗುಟ್ಟುವುದು ಎಲ್ಲರಿಗೂ ತಿಳಿದದ್ದು.

ಬಿನ್ನಪ ಮೇಲಕ್ಕೆ ಕೇಳುತ್ತದೆ, ಸಮಯ ಸರಿಸಮರ ನಡುವೆ ಕಟ್ಟುತ್ತದೆ. ಮೂರನೆಯದೊಂದು ದಾರಿಯನ್ನು ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠ ತೋರಿಸಿತು. ಅಲ್ಲಿನ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಿಂದ ಊರೂರು ಅಲೆದು ಜೋಳಿಗೆ ಒಡ್ಡಿದರು. ಕೇಳಿದ್ದು ಕಾಳಲ್ಲ, ಕಾಸಲ್ಲ. ಕುಡಿತ, ತಂಬಾಕು, ಜೂಜು. ಚಟ ಬಿಡುತ್ತೇನೆಂದು ಆಣೆ ಮಾಡಿ ಅದನ್ನು ಜೋಳಿಗೆಗೆ ಹಾಕಬೇಕು. ‘ಮಹಾಂತ ಜೋಳಿಗೆ’ಯಲ್ಲಿ ಮೇಲು ಕೆಳಗು ತಲೆಕೆಳಗಾಗುತ್ತದೆ: ಬೇಡುವವರು ಗುರು, ಕೊಡುವವನು ಕುಡುಕ. ವ್ರತ, ಆಚಾರಗಳ ಬಗ್ಗೆಯೇ ಹೆಚ್ಚಾಗಿ ವಚನ ಬರೆದ ಶರಣೆ ಅಕ್ಕಮ್ಮನ ದಾರಿಗೆ ಇದು ಹತ್ತಿರ. ಹೊರಗಿನಿಂದ ಯಾರೂ ಹೇರದ, ತಾನೇ ತನಗೆ ಹಾಕಿಕೊಂಡ ಕಟ್ಟು. ರೂಸೋ ಹೇಳಿದ ‘ತನಗೆ’ ಎಂಬುದು ಇಲ್ಲಿ ಪೂರ್ತಿಯಾಗಿ ಇದೆ. ಶಿವಯೋಗಿಗಳು 2018ರ ಮೇ ತಿಂಗಳಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಜೋಳಿಗೆಯ ಕೊರತೆಯನ್ನೂ ಹೇಳಬೇಕು. ಗಂಡ ಆಣೆ ಮುರಿದು ಮತ್ತೆ ಕುಡಿದು ಬಂದರೆ ಹೆಂಡತಿ ಯಾರನ್ನು ಕೇಳಬೇಕು? ಮುರಿದವನಿಗೆ ಮನುಸ್ಮೃತಿಯ ಗಡೀಪಾರೂ ಇಲ್ಲ, ಬೈಲಾದ ದಂಡವೂ ಇಲ್ಲ. ವ್ರತ ತೊಟ್ಟವನೊಬ್ಬನೇ ಅದರ ಸಾಕ್ಷಿ, ಅವನೇ ನ್ಯಾಯಾಧೀಶ.

ಮಹಾರಾಷ್ಟ್ರ ಇದಕ್ಕೊಂದು ದಾರಿ ಹುಡುಕಿದೆ. 2008ರಲ್ಲಿ ಬಂದ ನಿಯಮದಂತೆ, ಊರಿನ ಮತದಾರ ಮಹಿಳೆಯರಲ್ಲಿ ಶೇ 25ರಷ್ಟು ಮಂದಿ ಸಹಿ ಹಾಕಿ ಕೇಳಿದರೆ ಮದ್ಯದಂಗಡಿ ಇರಬೇಕೇ ಎಂದು ಗುಪ್ತ ಮತದಾನ ನಡೆಯುತ್ತದೆ. ಮತಪತ್ರದಲ್ಲಿ ಎರಡು ಬಾಟಲಿ ಚಿತ್ರಗಳು: ನೆಟ್ಟಗೆ ನಿಂತದ್ದಕ್ಕೆ ಮತ ಬಿದ್ದರೆ ಅಂಗಡಿ ಉಳಿಯುತ್ತದೆ, ಅಡ್ಡ ಮಲಗಿದ್ದಕ್ಕೆ ಅರ್ಧಕ್ಕಿಂತ ಹೆಚ್ಚು ಬಿದ್ದರೆ ಮುಚ್ಚುತ್ತದೆ. ‘ಉಭಿ ಬಾಟಲಿ, ಆಡವಿ ಬಾಟಲಿ’ ಎಂದು ಅಲ್ಲಿನವರ ಮಾತು. ಜತ್ತ, ಅಕ್ಕಲಕೋಟೆಯ ಕನ್ನಡ ಹಳ್ಳಿಗಳೂ ಈ ನಿಯಮದ ವ್ಯಾಪ್ತಿಯಲ್ಲೇ ಇವೆ. ಕುಡಿಯದ ಹೆಂಗಸರು ಕುಡಿಯುವ ಗಂಡಸರನ್ನು ಕಟ್ಟಿಹಾಕುವುದು ಯಾವ ಸ್ವಾಯತ್ತತೆ ಎಂಬ ಆಕ್ಷೇಪ ಇದಕ್ಕೆ ಬರುತ್ತದೆ. ಮಿನಾರಿನ ಮತದಾನಕ್ಕೂ ಇದಕ್ಕೂ ವ್ಯತ್ಯಾಸವೇನು ಎಂದೂ ಕೇಳಬಹುದು. ವ್ಯತ್ಯಾಸ ಇದೆ. ಮಿನಾರಿನಿಂದ ಮತದಾರನ ಮನೆಯ ಅನ್ನ ಕಡಿಮೆಯಾಗಿರಲಿಲ್ಲ. ಅಂಗಡಿಯಿಂದ ಪೆಟ್ಟು ತಿನ್ನುವುದು, ಕೂಲಿಯ ಹಣ ಕಳೆದುಕೊಳ್ಳುವುದು ಮತ ಹಾಕುವ ಹೆಂಗಸೇ. ನಿಷೇಧ ಬೀಳುವುದು ಯಾರ ನಂಬಿಕೆಯ ಮೇಲೂ ಅಲ್ಲ, ಮೈಮೇಲೂ ಅಲ್ಲ. ಊರಿನ ನಡುವಿನ ಒಂದು ಪರವಾನಗಿಯ ಮೇಲೆ. ಗೋಮಾಳ, ಕೆರೆಗಳ ಸಾಲಿಗೆ ಊರಿನ ನೆಮ್ಮದಿಯೂ ಸೇರುವುದಾದರೆ ಇದನ್ನು ವಿಜ್ಞಾನೇಶ್ವರ ಸಮಯವೆಂದೇ ಕರೆಯುತ್ತಿದ್ದ. ಹೆಂಗಸರ ಮತವನ್ನು ಎಣಿಸಲು ಒಪ್ಪುತ್ತಿದ್ದನೇ ಎಂಬುದು ಬೇರೆ ಮಾತು.

ಕರ್ನಾಟಕದ ಅಬಕಾರಿ ಕಾನೂನಿನಲ್ಲಿ ಅಂಥ ಮತದಾನವಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಹೆಂಗಸರು ಮದ್ಯನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ಕೈಯಲ್ಲಿದ್ದದ್ದು ಮನವಿ ಪತ್ರ. ಹುನಗುಂದದ ಒಂದು ಹಳ್ಳಿಯ ಹೆಂಗಸರಿಗೆ ಊರಿನ ಅಂಗಡಿ ಬೇಡವಾದರೆ ಇಂದಿಗೂ ಅವರು ಮಾಡಬೇಕಾದದ್ದು ಜಿಲ್ಲಾಧಿಕಾರಿಗೋ ಅಬಕಾರಿ ಇಲಾಖೆಗೋ ಅರ್ಜಿ ಬರೆದು, ಕೆಳಗೆ ‘ತಮ್ಮ ವಿಧೇಯರು’ ಎಂದು ಸಹಿ ಹಾಕುವುದು.